ಹಿಂದಿನ ತಾರೀಖಿನ ಪ್ಯಾಕೇಜು

ನಾನೊಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿ ನನ್ನನ್ನು ಮಾಡಿದರು. ಆರು ವರ್ಷ ಧಾರವಾಡದ ಕಾಲೇಜೊಂದರ ಕಚೇರಿಯಲ್ಲಿ ಹಾಲ್ ಟಿಕೆಟ್ ತಯಾರಿಸುತ್ತಿದ್ದೆ. ನಿಧಾನವಾದೆನೆಂದು ಅಲ್ಲಿಂದ ತೆಗೆದಾಗ, ಉಪನ್ಯಾಸಕಿ ಶಕುಂತಲಾ ಹೂಲಿ ನನ್ನನ್ನು ತಮ್ಮ ಪ್ರಯೋಗಾಲಯಕ್ಕೆ ಒಯ್ದು ಲಿನಕ್ಸ್ ಎಂಬ ಹಗುರವಾದ ಕಾರ್ಯಾಚರಣ ವ್ಯವಸ್ಥೆ ಹಾಕಿದರು.

ಕಣ್ಣು ಕಾಣದವರಿಗೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶವನ್ನು ಅವರು ಬರೆಯುತ್ತಿದ್ದರು. ಹಗಲು ಅವರು ತಿದ್ದಿದ್ದನ್ನು ರಾತ್ರಿ ಒಂದು ಪ್ಯಾಕೇಜಾಗಿ ಕಟ್ಟಿ, ಅಂದಿನ ತಾರೀಖನ್ನೇ ಆವೃತ್ತಿ ಸಂಖ್ಯೆಯಾಗಿ ಕೊಟ್ಟು, ಅಂತರ್ಜಾಲಕ್ಕೆ ಏರಿಸುವುದು ನನ್ನ ಕೆಲಸ. ಬಳಸುವವರ ಕಂಪ್ಯೂಟರುಗಳು ಬೆಳಿಗ್ಗೆ ಆ ಸಂಖ್ಯೆಯನ್ನು ನೋಡುತ್ತವೆ. ತಮ್ಮಲ್ಲಿರುವುದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಇಳಿಸಿಕೊಳ್ಳುತ್ತವೆ.

ಗದಗಿನ ದಾವಲಸಾಬ ನದಾಫರು ಹುಟ್ಟುಕುರುಡರು. ಈ ತಂತ್ರಾಂಶದ ನೆರವಿನಿಂದಲೇ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದರು. ವಯಸ್ಸು ಮೀರುತ್ತಿದ್ದುದರಿಂದ ಅದೇ ಅವರ ಕೊನೆಯ ಅವಕಾಶ. ಒಂದು ದಿನ ಫೋನ್ ಮಾಡಿ, "ಮೇಡಂ, ಇಸವಿ ಓದೂಮುಂದ ನಡುವಿನ ಸೊನ್ನಿ ನುಂಗತೈತ್ರೀ. ಸಾವಿರದ ಐನೂರ ಒಂಬತ್ತಕ್ಕ ನೂರಾ ಐವತ್ತೊಂಬತ್ತು ಅಂತೈತಿ," ಎಂದರು. ಶಕುಂತಲಾ ಸಂಜೆಯೊಳಗೆ ತಿದ್ದಿದರು. ನಾನು ಎಂದಿನಂತೆ ಕಟ್ಟಿ ಏರಿಸಿದೆ.

ಮರುದಿನ ಬೆಳಿಗ್ಗೆ ಮತ್ತೆ ಫೋನ್. "ಏನೂ ಬದಲಾಗಿಲ್ರೀ. ಪರೀಕ್ಷಾ ನಾಡಿದ್ದ ಐತಿ."

"ನಾ ತಿದ್ದೀನ್ರೀ, ಖರೇನ. ತಡೀರಿ, ನೋಡ್ತೀನಿ."

ಶಕುಂತಲಾ ತಪ್ಪು ತಮ್ಮದೇ ಎಂದುಕೊಂಡು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಓದಿದರು. ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ನಾನಿಟ್ಟ ಸಂಖ್ಯೆಯ ಮೇಲೆ ಅವರ ಕಣ್ಣು ಬಿತ್ತು. ಅದು ಒಂಬತ್ತು ವರ್ಷ ಹಿಂದಿನ, ನಾನು ತಯಾರಾದ ಕಾಲದ ತಾರೀಖು. ನನ್ನೊಳಗೆ ಗಡಿಯಾರ ನಡೆಸುವ ಸಣ್ಣ ಬ್ಯಾಟರಿ ಸತ್ತಿತ್ತು. ಹಿಂದಿನ ದಿನ ಕರೆಂಟು ಹೋಗಿ ಬಂದಾಗ ನಾನು ಇಸವಿಯನ್ನೇ ಮರೆತಿದ್ದೆ. ಹೊಸ ಪ್ಯಾಕೇಜನ್ನು ಹಳೆಯದೆಂದು ತಿಳಿದು ಯಾವ ಕಂಪ್ಯೂಟರೂ ಮುಟ್ಟಿರಲಿಲ್ಲ.

ಅಂದು ಭಾನುವಾರ, ಅಂಗಡಿ ಮುಚ್ಚಿತ್ತು. ಶಕುಂತಲಾ ತಮ್ಮ ಕಾರಿನ ರಿಮೋಟ್ ಕೀಲಿ ಬಿಚ್ಚಿ, ಅದರೊಳಗಿನ ಅಂಥದೇ ಸಣ್ಣ ಬ್ಯಾಟರಿಯನ್ನು ನನಗೆ ಹಾಕಿ, ತಾರೀಖು ಸರಿಪಡಿಸಿ ಆಗಲೇ ಮತ್ತೆ ಕಟ್ಟಿಸಿದರು. ದಾವಲಸಾಬರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಬೆಳಗಿನವರೆಗೆ ಕಾಯದೆ ಈಗಲೇ ಇಳಿಸಿಕೊಳ್ಳಲು ತಿಳಿಸಿದರು. ಅರ್ಧ ಗಂಟೆಯಲ್ಲಿ ಗದಗಿನಿಂದ ಫೋನ್ ಬಂತು. "ಈಗ ಸರಿ ಓದಾಕತ್ತೈತ್ರೀ. ಇಡ್ತೀನಿ, ಭಾಳ ಓದೋದೈತಿ."

ದಾವಲಸಾಬರು ಪಾಸಾದರು. ನರಗುಂದದ ಶಾಲೆಯಲ್ಲಿ ಕೆಲಸ ಸಿಕ್ಕಿತು.

ಕೆಲವು ವರ್ಷಗಳಾದ ಮೇಲೆ ನನ್ನ ಕೆಲಸ ಹೊಸ ಯಂತ್ರಕ್ಕೆ ಹೋಯಿತು. ನನ್ನನ್ನು ಮೂಲೆಯ ಕಪಾಟಿನ ಮೇಲಿಟ್ಟರು. ಒಮ್ಮೆ ದಾವಲಸಾಬರು ಪ್ರಯೋಗಾಲಯಕ್ಕೆ ಬಂದು, ಇಸವಿ ಮರೆತಿದ್ದ ಆ ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿ ನನ್ನ ಮೇಲೆ ಕೈಯಿಟ್ಟರು.

"ತಣ್ಣಗ ಐತಲ್ರೀ."

"ಬಂದ್ ಆಗಿ ಎರಡು ವರ್ಷಾತ್ರೀ," ಎಂದರು ಶಕುಂತಲಾ.

ದಾವಲಸಾಬರು ನನ್ನ ಬದಿಗಳನ್ನೂ ಗುಂಡಿಗಳನ್ನೂ ಬೆರಳಿನಿಂದ ಸವರಿ ನೋಡಿದರು. ನಾನು ಸುಮಾರು ಮೂರು ಸಾವಿರ ಪ್ಯಾಕೇಜು ಕಟ್ಟಿದ್ದೇನೆ. ಯಾವುದೂ ಒಂದು ದಿನಕ್ಕಿಂತ ಹೆಚ್ಚು ಹೊಸದಾಗಿ ಉಳಿಯಲಿಲ್ಲ. ಅವನ್ನು ಬಳಸಿದವರಲ್ಲಿ ನನ್ನನ್ನು ಮುಟ್ಟಿ ನೋಡಿದವರು ಇವರೊಬ್ಬರೇ.