ಬಾಗಿದರೆ ನಡೆಯುವ ಯಂತ್ರ

ನಡೆಯಲಾಗದವರ ಸಂಕಟವನ್ನು ನಡೆಯಬಲ್ಲವಳೊಬ್ಬಳ ಕಡೆಯಿಂದ ಹೇಳುವುದು ಅಧಿಕಪ್ರಸಂಗ, ಕ್ಷಮೆಯಿರಲಿ.

“ಮತ್ತ ಬಾಗಿದ್ರಿ!” ಶಹಾಪುರ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಪರಿಮಳಾ ಹಿಂದಿನಿಂದ ಮಹಾದೇವಪ್ಪನ ಸೊಂಟದ ಬೆಲ್ಟು ಜಗ್ಗಿ ಹಿಡಿದಳು.

ಬಾಗಿಲಲ್ಲಿ ಯಾರೋ ಡಾಕ್ಟರು ಹಾದುಹೋಗಿದ್ದರು. ಮಹಾದೇವಪ್ಪ “ಶರಣ್ರಿ” ಎಂದು ಸೊಂಟ ಬಗ್ಗಿಸಿದ್ದ. ಕಾಲಿಗೆ ಕಟ್ಟಿದ್ದ ಯಂತ್ರ ಅದನ್ನೇ ಅಪ್ಪಣೆಯೆಂದು ತಿಳಿದು ಹೆಜ್ಜೆ ಎತ್ತಿಟ್ಟಿತ್ತು. ಮೈ ಮುಂದೆ ಬಾಗಿದರೆ ನಡೆಯಬೇಕು, ನೆಟ್ಟಗಾದರೆ ನಿಲ್ಲಬೇಕು. ಅದಕ್ಕೆ ಗೊತ್ತಿದ್ದದ್ದು ಇಷ್ಟೇ. ಸುರಪುರದ ಕಚೇರಿಯಲ್ಲಿ ಜವಾನನಾಗಿದ್ದು, ಮಾಳಿಗೆಯಿಂದ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡ ಮಹಾದೇವಪ್ಪನಿಗೂ ಹೆಚ್ಚೇನೂ ಗೊತ್ತಿರಲಿಲ್ಲ: ಬೂಟು ಕಂಡರೆ ಬಾಗಬೇಕು.

“ರೂಢಿ ಬಿದ್ದದರಿ ಮೇಡಂ.”

“ಬಿಡ್ರಿ ರೂಢಿ. ಮುಂಜಾನಿಂದ ಹೇಳಾಕತ್ತೇನಿ. ಈಗ ಗ್ವಾಡಿಗಿ ಹಾಯ್ತಿದ್ರಿ.”

ಮೂಲೆಯಲ್ಲಿದ್ದ ಹೆಂಡತಿ ಮೋನಮ್ಮ ನಕ್ಕಳು. “ಕಂಡಕಂಡೋರಿಗೆಲ್ಲ ಬಾಗ್ತಾನ್ರಿ ಈ ಮನಶ್ಯಾ. ನನಗೊಮ್ಮಿ ಬಾಗಿಲ್ಲ.”

“ನಿನ್ನ ಕಾಲಾಗ ಬೂಟ ಎಲ್ಲ್ಯಾವ?”

ಪರಿಮಳಾಗೆ ನಗು ಬರಲಿಲ್ಲ. ಮಧ್ಯಾಹ್ನ ಯಂತ್ರದ ಕಂಪನಿಯ ಸಾಹೇಬರು ಬರುವವರಿದ್ದರು. ಅವರೆದುರು ಮಹಾದೇವಪ್ಪ ಕೋಣೆಯ ಆ ತುದಿ ಮುಟ್ಟಿದರೆ ಯಂತ್ರ ಅವನ ಬಳಿಯೇ ಉಳಿಯುತ್ತದೆ, ಅವನು ಅದನ್ನು ಕಟ್ಟಿಕೊಂಡು ಕೆಲಸಕ್ಕೆ ಮರಳಬಹುದು. ಇಲ್ಲದಿದ್ದರೆ ಇವತ್ತೇ ಬೇರೆ ಜಿಲ್ಲೆಗೆ. ತಾನು ಸಂಜೆಯ ತರಗತಿಗಳಲ್ಲಿ ಕಲಿತವಳು. ಹಗಲು ಕಲಿತವರ ಕೈಗೆ ಸಿಕ್ಕಿದ್ದರೆ ಇವನು ಎಂದೋ ನಡೆಯುತ್ತಿದ್ದನೇನೋ. ಆ ಅನುಮಾನ ಸಿಟ್ಟಾಗಿ ಹೊರಬಂತು.

“ಸಾಹೇಬ್ರ ಮುಂದ ಬಾಗಿದ್ರ ಬೆಲ್ಟ ಬಿಟ್ಟುಬಿಡ್ತೀನಿ, ನೋಡ್ರಿ!”

ಅವನು ಬೆದರಿದ. ಅವಳಿಗೆ ಸಮಾಧಾನವಾಯಿತು.

ಸಾಹೇಬರು ಬಂದರು. ಮಹಾದೇವಪ್ಪ ಬಾಗಲಿಲ್ಲ. ಊರುಗೋಲುಗಳ ನಡುವೆ ಕತ್ತು ಸೆಟೆಸಿ, ಬೆವರುತ್ತ ನಿಂತ. ಸಾಹೇಬರು ವಿಡಿಯೋ ತೆಗೆಯಲು ಫೋನು ಎತ್ತಿ ಹಿಡಿದರು.

“ಈಗ ಬಾಗ್ರಿ,” ಪರಿಮಳಾ ಪಿಸುಗುಟ್ಟಿದಳು.

ಅವನು ಅಲುಗಲಿಲ್ಲ.

“ಬಾಗ್ರಿ, ನಡೀಬೇಕು!”

“ಯಾರಿಗ್ರಿ ಮೇಡಂ?”

“ಯಾರಿಗೂ ಅಲ್ಲ. ಸುಮ್ನ ಬಾಗ್ರಿ.”

“ಬೆಲ್ಟ ಬಿಡ್ತೀನಿ ಅಂದ್ರಲ್ಲ.”

“ಬಿಡೂದಿಲ್ಲ ಮಾರಾಯಾ!”

ಅವನು ನೆಟ್ಟಗೇ ಇದ್ದ. ಸಾಹೇಬರು ಫೋನು ಇಳಿಸಿದರು. “ಪರವಾಗಿಲ್ಲ, ಪಾಪ,” ಎಂದು ಕೈಗಡಿಯಾರ ನೋಡಿಕೊಂಡರು.

ಕಂಪನಿಯ ಇಬ್ಬರು ಪಟ್ಟಿ ಬಿಚ್ಚಿ ಅವನನ್ನು ಗಾಲಿಕುರ್ಚಿಗೆ ಇಳಿಸಿದರು. “ಬರ್ತೀವ್ರಿ,” ಎಂದು ಮೋನಮ್ಮ ತಳ್ಳಿಕೊಂಡು ಹೋದಳು.

ಯಂತ್ರವನ್ನು ಸ್ಟ್ಯಾಂಡಿನ ಕೊಕ್ಕೆಗೆ ತೂಗುಹಾಕಿ ಅವರು ಗಾಡಿ ತರಲು ಹೋದರು. ಬಂದ್ ಮಾಡುವುದನ್ನು ಮರೆತಿದ್ದರು. ಫ್ಯಾನಿನ ಗಾಳಿಗೆ ಮುಂದೆ ವಾಲಿದಾಗಲೆಲ್ಲ ಅದು ನೆಲ ಮುಟ್ಟದ ಒಂದು ಹೆಜ್ಜೆ ಎತ್ತಿಡುತ್ತಿತ್ತು. ಮತ್ತೆ ಇನ್ನೊಂದು. ಇದ್ದಲ್ಲೇ.

ಪರಿಮಳಾ ಗುಂಡಿ ಒತ್ತದೆ ನೋಡುತ್ತ ನಿಂತಳು. ಅವನು ಹೆದರಿ ಬಾಗಲಿಲ್ಲವೋ, ಒಬ್ಬ ಸಾಹೇಬನೆದುರು ಒಮ್ಮೆಯಾದರೂ ನೆಟ್ಟಗೆ ನಿಲ್ಲುವುದು ಹಿತವೆನಿಸಿ ಬಾಗಲಿಲ್ಲವೋ, ಅವಳಿಗೆ ಗೊತ್ತಾಗಲಿಲ್ಲ. ಇಂದಿಗೂ ಗೊತ್ತಿಲ್ಲ.