ತಗಡಿಗೊಂದು, ಮರಕ್ಕೊಂದು ಬ್ಲೇಡು

ನಾಳೆಯಿಂದ ಭೂತಗಳ ತಿಂಗಳು, ಸತ್ತವರು ಊರಿಗೆ ಮರಳುತ್ತಾರೆಂದು ನಂಬುವ ಕಾಲ. ಅದು ಮುಗಿಯುವವರೆಗೆ ಊರಿನಲ್ಲಿ ಯಾರೂ ಮೊಳೆ ಹೊಡೆಯುವುದಿಲ್ಲ, ಗೋಡೆ ಕೊರೆಯುವುದಿಲ್ಲ. ಸಿಂಪಿ ಬಿಡಿಸುವ ಶೆಡ್ಡಿನ ತಗಡಿನ ಮಾಡು ನೋಡಿದರೆ ಇನ್ನೂ ಅರ್ಧ ಬಾಕಿ. ಕುನ್ಷಾನ್ ಬೆಳಿಗ್ಗೆಯಿಂದ ಗಂಜಿಯನ್ನೂ ಮುಟ್ಟದೆ ಒದ್ದಾಡುತ್ತಿದ್ದ.

ಹೆಂಡತಿ ಬೀಯೂನ್ ಹೊರಗೆ ಸ್ಟೂಲಿನ ಮೇಲೆ ಕೂತು ಚಾಕುವಿನಿಂದ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಿದ್ದಳು. ಒಳಗೆ ಅವನ ಕೈಯಲ್ಲಿದ್ದ ಕಟಿಂಗ್ ಮಷಿನ್ ಕಿರ್ರೆಂದು ಕಿರುಚಿತು. ಆಮೇಲೆ ದಡ್ ಎಂದು ಸದ್ದು. ಅವಳು ಚಾಕು ಬಿಸಾಕಿ ಓಡಿದಳು.

"ಕೈ ತೋರ್ಸು!"

"ಹತ್ತೂ ಇದೆ ಕಣೆ. ಮಷಿನ್ ಸ್ವಲ್ಪ ಜಿಗೀತು, ಅಷ್ಟೆ."

ಮಷಿನ್ನಿಗೆ ಹಾಕಿದ್ದು ಮರ ಕೊಯ್ಯುವ, ಹಲ್ಲಿರುವ ಬ್ಲೇಡು. ಕೊಯ್ಯುತ್ತಿದ್ದದ್ದು ತಗಡು. ಬ್ಲೇಡು ದೊಡ್ಡದಾಯಿತೆಂದು ಅದರ ಕಾಪಿನ ಮುಚ್ಚಳವನ್ನೂ ಬಿಚ್ಚಿ ಮೂಲೆಗೆ ಎಸೆದಿದ್ದ.

"ಬೆಳಿಗ್ಗೆ ಇದ್ರಲ್ಲೇ ಕಂಬ ಕೊಯ್ದೆ, ತೋಫು ಥರ ಹೋಯ್ತು. ಎಲ್ಲಾ ಬ್ಲೇಡೂ ದುಂಡಗೇ ತಾನೇ?"

ಬೀಯೂನ್ ಮಷಿನ್ನಿನ ಪ್ಲಗ್ ಕಿತ್ತು, ಜೇಬಿನಿಂದ ಫೋನ್ ತೆಗೆದು ಹಾರ್ಡ್‌ವೇರ್ ಅಂಗಡಿಗೆ ಕರೆ ಮಾಡಿದಳು.

ಹಾರ್ಡ್‌ವೇರ್ ಅಂಗಡಿಯ ಶೂಫೆನ್ ಸ್ಕೂಟರಿನಲ್ಲಿ ಬಂದಳು. ಚೀಲದಿಂದ ಹಳೇ ಬ್ಲೇಡೊಂದನ್ನು ತೆಗೆದು ಕುನ್ಷಾನನ ಕೈಗಿಟ್ಟಳು.

"ಎಷ್ಟು ಹಲ್ಲು ಹೋಗಿದೆ ನೋಡಯ್ಯಾ."

"ಮೂರು. ಯಾಕೆ ಅತ್ತಿಗೆ?"

"ನಿಮ್ಮಣ್ಣನೂ ನಿನ್ನ ಹಾಗೇ ತಗಡಿಗೆ ಇಟ್ಟಿದ್ರು. ಎರಡು ಹಲ್ಲು ಗೋಡೇಲಿ ಸಿಕ್ತು. ಇನ್ನೊಂದನ್ನ ಡಾಕ್ಟ್ರು ತೆಗೆದ್ರು, ಎಡಗಣ್ಣಿಂದ."

ಕುನ್ಷಾನನ ಮುಖ ಸಣ್ಣದಾಯಿತು. "ನಾನು ಅಣ್ಣನ ಕಣ್ಣಿಗೆ ಪೊರೆ ಬಂದಿದೆ ಅಂದ್ಕೊಂಡಿದ್ದೆ..."

"ಎಲ್ರಿಗೂ ಹಾಗೇ ಹೇಳ್ತಾರೆ. ನಾಚಿಕೆ."

ಆದರೂ ಅವನು ತಗ್ಗಲಿಲ್ಲ. "ನಾನು ಹುಷಾರಾಗಿ ಮಾಡ್ತೀನಿ ಬಿಡಿ. ಇವತ್ತು ಮುಗೀಲೇಬೇಕು."

ಆಗ ಬೀಯೂನ್ ಬಾಯಿಬಿಟ್ಟಳು. "ಮೊನ್ನೆ ನಿನ್ನ ಸಿಂಪಿ ಚಾಕುವಲ್ಲಿ ನಾನು ಚಕ್ಕೋತ ಸುಲಿದಾಗ ಏನಂದೆ? ಮೂರು ದಿನ ಮುಖ ಊದಿಸ್ಕೊಂಡಿದ್ದೆ! ಒಂದೊಂದು ಕೆಲಸಕ್ಕೆ ಒಂದೊಂದು ಚಾಕು ಅಂತ ಊರಿಗೆಲ್ಲಾ ಪಾಠ ಹೇಳೋನು, ಈಗ ಎಲ್ಲಾ ದುಂಡಗೇ ಅಂತೀಯಾ?"

ಶೂಫೆನ್ ನಕ್ಕುಬಿಟ್ಟಳು. ಕುನ್ಷಾನ್ ತಲೆ ಕೆರೆದುಕೊಂಡ. "ಸರಿ ಅತ್ತಿಗೆ, ಹೇಳಿ. ಯಾವುದಕ್ಕೆ ಯಾವುದು?"

"ಮೊದ್ಲು ನಂಬರ್ ಓದು."

ಮಷಿನ್ ಮೇಲೆ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು. ಬ್ಲೇಡಿನ ಮೇಲೆ ಏಳು ಸಾವಿರ.

"ಬ್ಲೇಡಿನ ನಂಬರ್ ಮಷಿನ್ನಿಗಿಂತ ಕಮ್ಮಿ ಇದ್ರೆ ಅದನ್ನ ಹಾಕಲೇಬಾರ್ದು. ತಗಡಿಗೆ ಹಲ್ಲಿಲ್ದಿರೋ, ಕಬ್ಬಿಣ ಕೊಯ್ಯೋ ತೆಳ್ಳಗಿನ ಡಿಸ್ಕ್. ಕಿಡಿ ಹಾರುತ್ತೆ, ಬಲೆ ಗಿಲೆ ದೂರ ಇಡು."

"ಮರಕ್ಕೆ?"

"ಮರಕ್ಕೆ ಈ ಮಷಿನ್ನೇ ಬೇಡ. ಕೈಗರಗಸ ತಗೋ. ಉದ್ದಕ್ಕೆ ಸೀಳೋಕೆ ದೊಡ್ಡ ಹಲ್ಲು, ಅಡ್ಡ ಕೊಯ್ಯೋಕೆ ಸಣ್ಣ ಹಲ್ಲು."

"ಗೋಡೆಗೆ ಸಿಮೆಂಟ್ ಶೀಟ್ ಇದೆ. ತೊಳೆಯೋ ಕಟ್ಟೆಗೆ ಟೈಲ್ಸು."

"ಎರಡಕ್ಕೂ ವಜ್ರದ ಪುಡಿ ಹಚ್ಚಿದ ಬ್ಲೇಡು. ಟೈಲ್ಸಿಗೆ ಅಂಚು ಒಂದೇ ಸಮ ಇರೋದು, ಇಲ್ಲಾಂದ್ರೆ ಚಕ್ಕೆ ಏಳುತ್ತೆ. ಸಿಮೆಂಟ್ ಧೂಳು ಎದೆಗೆ ಕೂತ್ರೆ ಹೋಗಲ್ಲ. ಬಯಲಲ್ಲಿ ಕೊಯ್ಯಿ, ಧೂಳು ತಡಿಯೋ ಮಾಸ್ಕ್ ಹಾಕು. ಕಣ್ಣಿಗೆ ಕನ್ನಡಕ. ಆ ಮೂಲೇಲಿ ಬಿದ್ದಿರೋ ಮುಚ್ಚಳ ಮೊದ್ಲು ಎತ್ಕೊ."

ಕುನ್ಷಾನ್ ಆಕಾಶ ನೋಡಿದ. ಬಿಸಿಲು ಇಳಿಯುತ್ತಿತ್ತು. "ಇದನ್ನೆಲ್ಲಾ ತಂದು ಮಾಡೋಷ್ಟರಲ್ಲಿ ಭೂತಗಳ ತಿಂಗಳು ಬಂದೇಬಿಡುತ್ತೆ."

"ಬರ್ಲಿ," ಎಂದಳು ಶೂಫೆನ್. "ಶೆಡ್ಡಿನ ಮಾಡು ಒಂದು ತಿಂಗಳು ಕಾಯುತ್ತೆ. ಹೋದ ಬೆರಳು ಯಾವ ತಿಂಗಳಲ್ಲೂ ಬೆಳೆಯಲ್ಲ."

ಅವನು ಮೂಲೆಯಲ್ಲಿ ಬಿದ್ದಿದ್ದ ಮುಚ್ಚಳ ಎತ್ತಿಕೊಂಡ. ಆಮೇಲೆ ಹಲ್ಲಿನ ಬ್ಲೇಡನ್ನು ಬಿಚ್ಚಿ ಶೂಫೆನ್ ಚೀಲಕ್ಕೆ ಹಾಕಿದ. ದೋಣಿಯ ನೀಲಿ ಟಾರ್ಪಾಲು ತಂದು ಅರ್ಧ ಮಾಡಿಗೆ ಬಿಗಿದು ಕಟ್ಟಿದ.

ಸಂಜೆ ಟಾರ್ಪಾಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಕುನ್ಷಾನ್ ಬಂದು ಪಕ್ಕದ ಸ್ಟೂಲಿನಲ್ಲಿ ಕೂತು ತನ್ನ ಚಾಕು ತೆಗೆದುಕೊಂಡ. ಬೀಯೂನ್ ಅವನ ಬೆರಳುಗಳನ್ನು ಕದ್ದು ಎಣಿಸಿದಳು.

"ಹತ್ತೇ ಇರೋದು," ಎಂದ ಅವನು, ತಲೆ ಎತ್ತದೆ.

ನಿಮ್ಮ ಮನೆಯಲ್ಲೂ ಇಂಥ ಮಷಿನ್ ಇದೆಯಾ? ಇವತ್ತೇ ಪ್ಲಗ್ ತೆಗೆದು ನೋಡಿ: ಅದಕ್ಕೆ ಹಾಕಿರುವ ಬ್ಲೇಡು ಯಾವುದಕ್ಕೆ, ಅದರ ನಂಬರ್ ಎಷ್ಟು, ಕಾಪಿನ ಮುಚ್ಚಳ ಎಲ್ಲಿದೆ? ಗೊತ್ತಾಗದಿದ್ದರೆ ಕೊಯ್ಯಬೇಕಾದ ವಸ್ತುವಿನ ಒಂದು ತುಂಡನ್ನು ಅಂಗಡಿಗೆ ಒಯ್ದು ಕೇಳಿ. ಕೇಳೋಕೆ ನಾಚಿಕೆ ಬೇಡ. ಕೆಲಸ ಒಂದು ದಿನ ತಡವಾದರೂ ಪರವಾಗಿಲ್ಲ, ನಿಮ್ಮ ಬೆರಳನ್ನು ಕದ್ದು ಎಣಿಸುವವರು ಮನೆಯಲ್ಲಿದ್ದಾರೆ.