ಮುಟ್ಟಬಾರದ ಮೂರು ಹಾಳೆ

ಆ ಬೈಂಡಿಂಗ್ ಅಂಗಡಿಯಲ್ಲಿ ಹೊಲಿಗೆ ಅಂದರೆ ಹಿರಿಸೊಸೆಯದೇ, ಅದರಲ್ಲಿ ಎರಡು ಮಾತಿಲ್ಲ. ಶಾಲೆಯ ಹಾಜರಿ ಪುಸ್ತಕವಿರಲಿ, ಆಸ್ಪತ್ರೆಯ ದಪ್ಪ ರಿಜಿಸ್ಟರ್ ಇರಲಿ, ಅವಳು ಹೊಲಿದದ್ದು ಹತ್ತು ವರ್ಷ ಕಳೆದರೂ ಒಂದು ಹಾಳೆ ಕಳಚುತ್ತಿರಲಿಲ್ಲ. ಗಂಡ ಬಸ್ಸು ಓಡಿಸುತ್ತಿದ್ದ, ಮೈದುನ ಬರೀ ಬಾಯಿ ಓಡಿಸುತ್ತಿದ್ದ, ಅಂಗಡಿಯನ್ನು ಹದಿನಾರು ವರ್ಷದಿಂದ ಓಡಿಸುತ್ತಿದ್ದವಳು ಇವಳೇ.

ಆದರೆ ಕಾಗದದ ಮೇಲೆ ಅವಳು ಯಾರೂ ಅಲ್ಲ. ಮಾವ ಏನೂ ಬರೆಯದೆ ಕಣ್ಣು ಮುಚ್ಚಿದರೆ ಅಂಗಡಿ ಇಬ್ಬರು ಗಂಡುಮಕ್ಕಳ ಪಾಲು, ಸೊಸೆಗೆ ಚಿಕ್ಕಾಸೂ ಇಲ್ಲ. ಮೈದುನನಂತೂ ಮೊಬೈಲ್ ಶೋರೂಮಿನವನೊಬ್ಬನನ್ನು ಆಗಲೇ ಎರಡು ಸಲ ಕರೆತಂದು ಗೋಡೆ ಅಳೆಸಿದ್ದ. "ಈಗಿನ ಕಾಲದಲ್ಲಿ ಪುಸ್ತಕ ಯಾರು ಹೊಲಿಸ್ತಾರೆ ಅತ್ತಿಗೆ?" ಅಂತ ಹಲ್ಲು ಕಿರಿದಿದ್ದ. ಅವಳ ಮೈಯೆಲ್ಲ ಉರಿದುಹೋಗಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಮಾವ, ಉಯಿಲು ಬರೆಸಿದ್ದೀನಿ ಅಂದರು. ಅವರ ವಕೀಲೆ ಮೂರು ಬಿಡಿ ಹಾಳೆ ತಂದು ಮೇಜಿನ ಮೇಲಿಟ್ಟಳು. "ರುಜು ಹಾಕೋ ಮುಂಚೆ ಇವನ್ನ ಸೇರಿಸಿ ಹೊಲಿದುಬಿಡಿ. ನಾಳೆ ಯಾರೂ ಹಾಳೆ ಬದಲಾಯಿಸೋಕಾಗಲ್ಲ. ಆಮೇಲೆ ಇಬ್ಬರು ಸಾಕ್ಷಿ ಬೇಕು."

ಹೊಲಿಗೆ ಅಂದದ್ದೇ ತಡ, ಸೊಸೆಯ ಕೈ ಸೂಜಿಗೆ ಹೋಯಿತು.

"ನೀನು ಮುಟ್ಟಬೇಡ," ಅಂದರು ಮಾವ, ಕಡ್ಡಿ ಮುರಿದಂತೆ. "ಸಾಕ್ಷಿಗೂ ನೀನು ಬೇಡ. ಪಕ್ಕದ ಕ್ಷೌರದಂಗಡಿಯವನನ್ನೂ ಔಷಧಿ ಅಂಗಡಿಯಾಕೆಯನ್ನೂ ಕರಿ."

ಮೈದುನ ಮೀಸೆಯಡಿಯಲ್ಲೇ ನಕ್ಕ. ಸೊಸೆಗೆ ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಹೋಗಿ ಇಬ್ಬರನ್ನೂ ಕರೆತಂದಳು, ಹೇಳಿದ ಕೆಲಸ ಬಿಡುವವಳಲ್ಲ. ಆದರೆ ಬಂದವಳೇ ಮಾವನೆದುರು ನಿಂತಳು.

"ಊರಿನವರ ಪುಸ್ತಕವೆಲ್ಲ ನಾನು ಹೊಲೀಬೇಕು, ನಿಮ್ಮ ಮೂರು ಹಾಳೆಗೆ ಮಾತ್ರ ನಾನು ಆಗಲ್ಲ. ನಾನೇನು ಕದ್ದಿದ್ದೀನಿ ಮಾವ?"

ಮಾವ ವಕೀಲೆಯ ಮುಖ ನೋಡಿದರು. "ಹೇಳಿಬಿಡಮ್ಮ ಇವಳಿಗೆ."

"ತಪ್ಪು ತಿಳೀಬೇಡಿ," ಅಂದಳು ವಕೀಲೆ. "ಉಯಿಲಿನಲ್ಲಿ ಯಾರಿಗೆ ಆಸ್ತಿ ಬರೆದಿದೆಯೋ ಅವರು ಸಾಕ್ಷಿ ಹಾಕಬಾರದು, ಅವರ ಗಂಡನೂ ಹಾಕಬಾರದು. ಹಾಕಿದರೆ ಬರೆದದ್ದು ಕೈಬಿಟ್ಟು ಹೋಗಬಹುದು. ಹೊಲಿಯೋಕೆ ಅಂಥ ಕಾನೂನೇನಿಲ್ಲ. ಆದರೂ ನಾಳೆ 'ಹಾಳೆ ಸೇರಿಸಿದ್ದೇ ಅವಳು' ಅಂತ ಯಾರೂ ಕೊಂಕು ತೆಗೀಬಾರದು ನೋಡಿ."

ಮಾತು ಸೊಸೆಯ ಕಿವಿಗೆ ಬಿತ್ತು, ತಲೆಗೆ ಇಳಿಯಲು ಸ್ವಲ್ಪ ಹೊತ್ತಾಯಿತು.

"ಮನೆ ಇಬ್ಬರು ಮಕ್ಕಳಿಗೂ ಸಮ," ಅಂದರು ಮಾವ. "ಅಂಗಡಿ, ಮೆಷಿನ್ನು, ಬೋರ್ಡು ಎಲ್ಲ ನಿನಗೆ. ಮಗನ ಹೆಂಡತಿ ಅಂತ ಕೊಡ್ತಿಲ್ಲ. ಬೈಂಡರ್ ಅಂತ ಕೊಡ್ತಿದ್ದೀನಿ."

"ಅಪ್ಪ, ಎಷ್ಟಾದರೂ ಅವರು ಹೊರಗಿನಿಂದ ಬಂದವರು," ಅಂದ ಮೈದುನ.

"ನೀನು ಒಳಗಿದ್ದು ಏನು ಕಡಿದು ಕಟ್ಟೆ ಹಾಕಿದೆಯಪ್ಪ?"

ಔಷಧಿ ಅಂಗಡಿಯಾಕೆ ಕಿಸಕ್ಕನೆ ನಕ್ಕಳು. ಮೈದುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸೊಸೆಗೆ ಅದನ್ನು ನೋಡುವ ಪುರಸೊತ್ತೂ ಇರಲಿಲ್ಲ. ಅಳಬಾರದು ಅಂತ ಹಲ್ಲು ಕಚ್ಚಿ ನಿಂತಿದ್ದಳು. ಹದಿನಾರು ವರ್ಷದಲ್ಲಿ ಇವತ್ತಿನಷ್ಟು ಹೆಮ್ಮೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಮಾವನೇ ಸೂಜಿ ಹಿಡಿದರು. ಎಪ್ಪತ್ತೆಂಟರ ಕೈ, ದಾರ ಪೋಣಿಸುವಷ್ಟರಲ್ಲಿ ಕ್ಷೌರದವನು ಎರಡು ಸಲ ಆಕಳಿಸಿದ. ಅವನ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಕಾಯುತ್ತಿದ್ದ, ಪಾಪ. ಸೊಸೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದಳು. ಬೆರಳು ಚುರುಗುಟ್ಟುತ್ತಿದ್ದವು, ಆದರೂ ಮುಟ್ಟಲಿಲ್ಲ. ಕೊನೆಗೂ ಗಂಟು ಬಿಗಿದ ಮಾವ ಹಾಳೆಗಳನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿದರು.

"ಹೇಗಿದೆ ನೋಡು."

ಈ ಅಂಗಡಿಯಲ್ಲಿ ಐವತ್ತು ವರ್ಷದಿಂದ ಅವರು ಯಾರನ್ನೂ ಹಾಗೆ ಕೇಳಿದವರಲ್ಲ. ಚೆನ್ನಾಗಿದೆ ಅಂದುಬಿಡಬಹುದಿತ್ತು. ಆದರೆ ಅಂಗಡಿ ಕೊಟ್ಟದ್ದು ಬೈಂಡರಿಗೆ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಎರಡನೇ ಹೊಲಿಗೆ ಸಡಿಲ ಮಾವ. ಬಿಚ್ಚಿ ಇನ್ನೊಂದು ಸಲ ಹಾಕಿ."

ಮಾವ ಕತ್ತರಿ ತಗೊಂಡು ಬಿಚ್ಚತೊಡಗಿದರು.